ರೆಟಿನಾ ಆಪರೇಷನ್ ಆಗಿ 8 ತಿಂಗಳು: ಆಸ್ಪತ್ರೆ ಹೇಗಿತ್ತು, ಕಣ್ಣು ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ, ಆಪರೇಷನ್‌ಗೆ ಐದಕ್ಕೆ ಐದು, ಕೌಂಟರ್‌ಗೆ ಒಂದೂವರೆ. ಆಸ್ಪತ್ರೆ ಮುಂಬೈಯಲ್ಲೇ ಇದೆ, ಹೆಸರು ಬೇಡ. ನಾನು ಡೊಂಬಿವಲಿಯವನು.

ಎಡಗಣ್ಣಿನಲ್ಲಿ ಮೊದಲು ನೊಣ ಹಾರಿದಂತೆ ಕಪ್ಪು ಚುಕ್ಕೆ, ಆಮೇಲೆ ಮಿಂಚು. ನಿದ್ದೆ ಕಡಿಮೆಯಾಗಿರಬೇಕು ಅಂತ ಸುಮ್ನಿದ್ದೆ. ಒಂದು ಬೆಳಿಗ್ಗೆ ಮೂಗಿನ ಕಡೆಯಿಂದ ಪರದೆ ಎಳೆದ ಹಾಗಾಯಿತು, ಮತ್ತೆರಡು ದಿನ ಬಿಟ್ಟು ನೋಡಿದರೆ ಠಾಣೆ ಸ್ಟೇಷನ್ನಿನ ಇಂಡಿಕೇಟರ್ ನಟ್ಟನಡುವೆಯೇ ಮಾಯ. ಡಾಕ್ಟರು ನೋಡಿ, ರೆಟಿನಾ, ಅಂದರೆ ಕಣ್ಣಿನ ಹಿಂಗೋಡೆಯಲ್ಲಿ ಬೆಳಕು ಹಿಡಿಯುವ ಪದರ, ಕಳಚಿದೆ, ಅದರ ನಡುವಿನ ಮ್ಯಾಕುಲಾನೂ ಬಿಟ್ಟುಕೊಂಡಿದೆ ಅಂದರು. ಓದುವುದು, ಮುಖ ಗುರುತು ಹಿಡಿಯುವುದು ಎಲ್ಲ ಆ ಚಿಕ್ಕ ಜಾಗದ್ದೇ ಕೆಲಸ. ಅದು ಬಿಡುವ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅಂದರು. ತಪ್ಪು ನನ್ನದೇ.

ಮರುದಿನ ವಿಟ್ರೆಕ್ಟಮಿ. ಕಣ್ಣೊಳಗಿನ ಲೋಳೆ ತೆಗೆದು, ರೆಟಿನಾದಲ್ಲಿದ್ದ ತೂತಿನ ಸುತ್ತ ಲೇಸರ್ ಹೊಡೆದು, ಸಿ3ಎಫ್8 ಅನ್ನುವ ಗ್ಯಾಸ್ ತುಂಬಿದರು. ಅದು ರೆಟಿನಾವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಉಡುಪಿ ಕಡೆಯ ಸಿಸ್ಟರ್ ಒಬ್ಬರು, "ಅಣ್ಣ, ಇನ್ನೊಂದು ವಾರ ನೆಲ ನೋಡುವುದೇ ನಿಮ್ಮ ಕೆಲಸ" ಅಂದರು. ಊಟ, ಟೀ, ಜಗಳ ಎಲ್ಲ ತಲೆ ಬಗ್ಗಿಸಿಯೇ. ನಮ್ಮ ಮನೆಯ ಟೈಲ್ಸಿನಲ್ಲಿ ಎಷ್ಟು ಬಿರುಕಿದೆ ಅಂತ ಈಗ ನನಗೆ ಬಾಯಿಪಾಠ.

ತಲೆ ಎತ್ತಿದ ಮೇಲೆ ನೋಟದಲ್ಲೊಂದು ಅಡ್ಡ ಗೆರೆ, ಆ ಗ್ಯಾಸಿನ ಅಂಚು, ಲೋಟದ ನೀರಿನ ಹಾಗೆ ತುಳುಕುತ್ತಿತ್ತು. ಗೆರೆಯ ಮೇಲೆ ಸ್ವಲ್ಪ ಕಾಣುತ್ತದೆ, ಕೆಳಗೆ ಬರೀ ಕಲಕು. ದಿನಕ್ಕಿಷ್ಟು ಇಳಿದು, ಕೊನೆಗೆ ಗ್ಯಾಸು ಗೋಲಿಯಷ್ಟಾಗಿ, ಸಾಸಿವೆಯಷ್ಟಾಗಿ, ಏಳನೇ ವಾರ ಹೋಯಿತು.

ಈಗ ಕೌಂಟರಿನ ಕಥೆ. ನಾಲ್ಕು ದಿನದಲ್ಲಿ ಆಫೀಸು, ವಿಮಾನ ಎಲ್ಲ ನಡೆಯುತ್ತದೆ ಅಂದಿದ್ದರು. ಅಕ್ಕನ ಮಗಳ ಮದುವೆಗೆ ಮಂಗಳೂರಿಗೆ ಟಿಕೆಟ್ ಮಾಡಿಸಿದ್ದೆ. ಡಿಸ್ಚಾರ್ಜ್ ದಿನ ಅದೇ ಸಿಸ್ಟರ್ ಗಾಬರಿಯಾಗಿ, ಗ್ಯಾಸ್ ಇರುವಾಗ ವಿಮಾನ ಹತ್ತಿದರೆ ಅದು ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ, ದೃಷ್ಟಿಯೇ ಹೋಗಬಹುದು ಅಂದರು. ಟಿಕೆಟ್ ಕ್ಯಾನ್ಸಲ್. ಐದನೇ ವಾರ ಡಾಕ್ಟರನ್ನು ಕೇಳಿಕೊಂಡು ಮತ್ಸ್ಯಗಂಧ ರೈಲಿನಲ್ಲಿ ಹೋದೆ.

ಇಲ್ಲಿ ನಿಜಕ್ಕೂ ಇಷ್ಟವಾಗಿದ್ದು ಓಸಿಟಿ ಸ್ಕ್ಯಾನ್ (ರೆಟಿನಾವನ್ನು ಅಡ್ಡ ಕೊಯ್ದ ಹಾಗೆ ಪದರ ತೋರಿಸುವ ಚಿತ್ರ) ತೋರಿಸಿ ವಿವರಿಸುವ ರೀತಿ. ಡಾಕ್ಟರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ರೆಟಿನಾ ಅಂದರೆ ಪತ್ರೊಡೆ ಹಾಗೆ ಪದರ ಪದರ. ಎರಡನೇ ತಿಂಗಳು ಅಂಟಿಕೊಂಡಿತ್ತು ನಿಜ, ಆದರೆ ಅಡಿಯಲ್ಲಿ ತೆಳ್ಳಗೆ ನೀರು ಉಳಿದಿತ್ತು, ಎಲಿಪ್ಸಾಯ್ಡ್ ಝೋನ್ ಅನ್ನುವ ಬಿಳಿ ಗೆರೆ ಅಲ್ಲಲ್ಲಿ ತುಂಡಾಗಿತ್ತು. ಬೆಳಕು ಹಿಡಿಯುವ ಕೋಶಗಳ ಗುರುತು ಅದು. ನೋಟ 6/60 (ಸರಿಯಾದ ಕಣ್ಣಿಗೆ 60 ಮೀಟರಿನಿಂದ ಕಾಣುವುದು ನನಗೆ 6 ಮೀಟರಿನಲ್ಲಿ) ಇದ್ದದ್ದು 6/24. ಆರನೇ ತಿಂಗಳಿಗೆ ನೀರು ಹೋಗಿ ಗೆರೆ ಹೆಚ್ಚುಕಡಿಮೆ ಕೂಡಿಕೊಂಡಿತ್ತು, 6/12. ಎರಡು ಚಿತ್ರ ಪಕ್ಕಪಕ್ಕ ನೋಡಿದಾಗ ಸಮಾಧಾನವಾಯಿತು, ಯಾಕೆಂದರೆ ಬಾಗಿಲ ಚೌಕಟ್ಟು ಎಡಗಣ್ಣಿಗೆ ಇನ್ನೂ ಸೊಟ್ಟಗೇ ಕಾಣುತ್ತದೆ. ಒಂದು ವರ್ಷದವರೆಗೂ ನಿಧಾನಕ್ಕೆ ಸುಧಾರಿಸಬಹುದು, ಪೂರ್ತಿ ಮೊದಲಿನ ಹಾಗೆ ಅಂತ ಮಾತು ಕೊಡಲಾರೆ ಅಂದರು. ಆ ನೇರ ಮಾತು ಹಿಡಿಸಿತು.

ಕಾಯುವುದು ಮಾತ್ರ ಶಿಕ್ಷೆ, ಡ್ರಾಪ್ಸ್ ಹಾಕಿ ಮೂರು ಗಂಟೆ ಬೆಂಚಿನ ಮೇಲೆ. ಟಿಫಿನ್ ಡಬ್ಬಿ ಒಯ್ಯಿರಿ, ಜೊತೆಗೊಬ್ಬರು ಇರಲಿ, ಆ ಕಣ್ಣಲ್ಲಿ ಒಬ್ಬರೇ ಲೋಕಲ್ ಹತ್ತುವುದು ಹುಚ್ಚಾಟ. ಈಗ ಅದೇ ಕಣ್ಣಿಗೆ ಪೊರೆ ಶುರುವಾಗಿದೆ, ಈ ಆಪರೇಷನ್ ಆದವರಿಗೆ ಅದು ಮಾಮೂಲಂತೆ. ಅದಕ್ಕೂ ಅಲ್ಲಿಗೇ ಹೋಗುತ್ತೇನೆ, ಆದರೆ ಕೌಂಟರಿನವರನ್ನು ಕೇಳಿ ಟಿಕೆಟ್ ಮಾಡಿಸುವುದಿಲ್ಲ.