ಲೇಬಲ್‌ಗೆ ಯಾವ ವರ್ಗೀಕರಣ: ಥೀಲೆಯದೋ, 2017ರದೋ?

ಉಡುಪಿಯ ಅಡಿಕೆ ತೋಟದಲ್ಲೋ ಮಲ್ಪೆ ಕಡಲ ಬದಿಯಲ್ಲೋ ಹೆಕ್ಕಿದ ಬಸವನಹುಳುಗಳಿಗೆ ಲೇಬಲ್ ಬರೆಯಲು ಎರಡು ದಾರಿಗಳಿವೆ.

ಜರ್ಮನ್ ಪ್ರಾಣಿಶಾಸ್ತ್ರಜ್ಞ ಥೀಲೆಯ ಹಳೆಯ ಪದ್ಧತಿಯಲ್ಲಿ ಮೂರೇ ಗುಂಪು: ಪ್ರೊಸೊಬ್ರಾಂಕಿಯಾ, ಒಪಿಸ್ತೊಬ್ರಾಂಕಿಯಾ, ಪಲ್ಮೊನೇಟಾ. ಬೇಗ ಕಲಿಯಬಹುದು, ಹಳೆಯ ಮ್ಯೂಸಿಯಂ ಚೀಟಿ ಓದಲು ಇದು ಬೇಕೇ ಬೇಕು. ಆದರೆ ಪ್ರೊಸೊಬ್ರಾಂಕಿಯಾ ಒಂದೇ ವಂಶದ ಗುಂಪಲ್ಲ. ಕಡಲ ಬಂಡೆಯ ಮೇಲಿನ ಬಸವನಹುಳು ನೆರೈಟಾ, ಪೂಜೆಯ ಶಂಖ ಎರಡೂ ಅಲ್ಲಿ ಒಂದೇ ಬುಟ್ಟಿಗೆ ಬೀಳುತ್ತವೆ. ಬುಶೆ ಮತ್ತು ಸಂಗಡಿಗರ 2017ರ ಪದ್ಧತಿ ನೆರೈಟಾವನ್ನು ನೆರಿಟಿಮಾರ್ಫಾಕ್ಕೆ, ಶಂಖವನ್ನು ಸೀನೊಗ್ಯಾಸ್ಟ್ರೊಪೊಡಾಕ್ಕೆ ಸೇರಿಸುತ್ತದೆ. ಹೊಸ ಲೇಬಲ್‌ಗೆ ಇದೇ ಸರಿ.

ಎಡವುವುದು ಸ್ಲಗ್‌ನಲ್ಲಿ, ಅಂದರೆ ಚಿಪ್ಪು ಕಾಣದ ಬಸವನಹುಳುವಿನಲ್ಲಿ. ಅದು ವರ್ಗೀಕರಣದ ಗುಂಪೇ ಅಲ್ಲ. ಬೇರೆ ಬೇರೆ ವಂಶಗಳು ಪ್ರತ್ಯೇಕವಾಗಿ ಚಿಪ್ಪು ಕಳೆದುಕೊಂಡಿವೆ. ಬೆನ್ನು ನೋಡಿ. ಹೊದಿಕೆ (ಮ್ಯಾಂಟಲ್ ಎಂಬ ಚರ್ಮದ ಪದರ) ಇಡೀ ಬೆನ್ನನ್ನು ಮುಚ್ಚಿ, ಅಡಿಯ ಪಾದ ಕಿರಿದಾದ ಪಟ್ಟಿಯಂತಿದ್ದರೆ ವೆರೊನಿಸೆಲ್ಲಿಡೇ ಕುಟುಂಬ. ಹೊದಿಕೆ ಅರ್ಧಕ್ಕೇ ನಿಂತು, ಬಲಬದಿಯಲ್ಲಿ ಉಸಿರಿನ ರಂಧ್ರ ತೆರೆದು ಮುಚ್ಚುತ್ತಿದ್ದರೆ ಅದು ಬೇರೆಯೇ ಗಣ, ಸ್ಟೈಲೊಮ್ಯಾಟೊಫೊರಾ.

ಆಫ್ರಿಕನ್ ದೈತ್ಯ ಬಸವನಹುಳುವನ್ನು ‘ಲಿಸ್ಸಕಟೀನಾ ಫುಲಿಕಾ (ಬೌಡಿಚ್, 1822)’ ಎಂದು ಬರೆಯಿರಿ; ಕೊನೆಯಲ್ಲಿರುವುದು ಹೆಸರಿಟ್ಟವರು ಮತ್ತು ವರ್ಷ. ಆವರಣ ಚಿಹ್ನೆ ಅಲಂಕಾರವಲ್ಲ: ಪ್ರಭೇದ ಮೊದಲು ಬೇರೆ ಕುಲದಲ್ಲಿ, ಇಲ್ಲಿ ಅಕಟೀನಾದಲ್ಲಿ, ಇತ್ತು ಎಂದು ಅದು ಹೇಳುತ್ತದೆ. ‘ಅಕಟೀನಾ’ ಎಂದೇ ಬರೆಯುವುದಾದರೆ ಆವರಣ ಚಿಹ್ನೆಯನ್ನು ತೆಗೆಯಬೇಕು.