ಕಣ್ಣಿಗೆ ಹೇಳುವ ಪಾಠ, ಕಿವಿಗೆ ಹೇಳುವ ಪಾಠ: ಮನೆಯಲ್ಲಿ ಯೋಗ ಕಲಿಸುವ ವಿಡಿಯೊಗಳ ಹೋಲಿಕೆ

ಮೈಸೂರಿನಲ್ಲಿದ್ದುಕೊಂಡು ಯೋಗವನ್ನು ಟೀವಿ ನೋಡಿ ಕಲಿತೆ ಎಂದರೆ ಕೇಳಿದವರು ನಗುತ್ತಾರೆ. ಹೊರದೇಶಗಳಿಂದ ಜನ ಕಲಿಯಲು ಬಂದು ತಿಂಗಳುಗಟ್ಟಲೆ ಬಾಡಿಗೆಗಿರುವ ಗೋಕುಲಂ ಬಡಾವಣೆ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹದಿನೈದು ನಿಮಿಷದ ದಾರಿ. ಆದರೆ ಯೋಗಶಾಲೆಗಳು ನಡೆಯುವ ಬೆಳಗಿನ ಹೊತ್ತಿನಲ್ಲಿ ನಾನು ಮನೆ ಬಿಟ್ಟು ಹೋಗುವಂತಿಲ್ಲ. ಹಾಸಿಗೆ ಹಿಡಿದಿರುವ ಅತ್ತೆಯವರು ಕರೆದರೆ ಓಗೊಡುವಷ್ಟು ಹತ್ತಿರದಲ್ಲಿ ಒಬ್ಬರು ಇರಲೇಬೇಕು. ನನಗೀಗ ನಲವತ್ತೊಂಬತ್ತು ವರ್ಷ. ಇಪ್ಪತ್ತಮೂರು ವರ್ಷಗಳಿಂದ ಕಾಲೇಜಿನಲ್ಲಿ ನಿಂತೇ ವಾಣಿಜ್ಯಶಾಸ್ತ್ರದ ಪಾಠ ಹೇಳಿ ಹಿಮ್ಮಡಿಯೂ ಸೊಂಟವೂ ಬಿಗಿದಿದ್ದವು, ರಕ್ತದೊತ್ತಡವೂ ಸ್ವಲ್ಪ ಮೇಲಿತ್ತು. ವೈದ್ಯರನ್ನು ಕೇಳಿಕೊಂಡೇ ಆರಂಭಿಸಿದೆ. ಅವರು ಹಾಕಿದ ಷರತ್ತು ಎರಡು: ಉಸಿರನ್ನು ರಭಸವಾಗಿ ಹೊರದೂಡುವ ಕಪಾಲಭಾತಿ ಬೇಡ, ತಲೆ ಕೆಳಗಾಗಿ ನಿಲ್ಲುವ ಯಾವ ಆಸನವೂ ಬೇಡ.

ಒಂದೊಂದು ಬಗೆಯ ಪಾಠವನ್ನೂ ಐದೈದು ವಾರ, ವಾರಕ್ಕೆ ಆರು ದಿನದಂತೆ, ಬೇರೇನನ್ನೂ ಬೆರೆಸದೆ ಮಾಡಿ ನೋಡಬೇಕೆಂದು ನಿಶ್ಚಯಿಸಿಕೊಂಡೆ. ಅದನ್ನು ಬಹುಮಟ್ಟಿಗೆ ಪಾಲಿಸಿದೆ; ಒಂದು ಕಡೆ ಮಾತ್ರ ಎರಡೇ ವಾರಕ್ಕೆ ನಿಲ್ಲಿಸಬೇಕಾಗಿ ಬಂತು, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಆರಂಭದಲ್ಲಿ ನಾನು ಅಳೆಯಬೇಕೆಂದುಕೊಂಡಿದ್ದು ಬೋಧಕರ ಪರಿಣತಿ, ಚಿತ್ರದ ಸ್ಪಷ್ಟತೆ, ಪಾಠದ ಅವಧಿ ಇತ್ಯಾದಿಗಳನ್ನು. ಮೊದಲ ಹತ್ತು ದಿನಗಳಲ್ಲೇ ಆ ಅಳತೆಗೋಲುಗಳು ನಿರುಪಯುಕ್ತವೆಂದು ಗೊತ್ತಾಗಿ, ಕೊನೆಗೆ ಒಂದೇ ಪ್ರಶ್ನೆ ಉಳಿಯಿತು: ಪರದೆಯತ್ತ ನೋಡದೆ ಈ ಪಾಠವನ್ನು ಅನುಸರಿಸಲು ಸಾಧ್ಯವೇ?

ಮೊದಲು ಕೈಗೆತ್ತಿಕೊಂಡದ್ದು ಆಯುಷ್ ಸಚಿವಾಲಯದ ಸಾಮಾನ್ಯ ಯೋಗ ಶಿಷ್ಟಾಚಾರವನ್ನು, ಅಂದರೆ 2015ರಿಂದ ಪ್ರತಿ ಜೂನ್ 21ರಂದು ಮೈದಾನಗಳಲ್ಲಿ ಸಾಮೂಹಿಕವಾಗಿ ನಡೆಯುವ, ಸುಮಾರು ನಲವತ್ತೈದು ನಿಮಿಷದ ಕ್ರಮವನ್ನು. 2022ರಲ್ಲಿ ನಮ್ಮ ಅರಮನೆಯ ಅಂಗಳದಲ್ಲೇ ರಾಷ್ಟ್ರಮಟ್ಟದ ಕಾರ್ಯಕ್ರಮ ನಡೆದಾಗ ಸಾವಿರಾರು ಜನ ಮಾಡಿದ್ದೂ ಇದನ್ನೇ. ಕನ್ನಡದ ವಿವರಣೆಯಲ್ಲಿ ಇದನ್ನು ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ‘ಸಂಗಚ್ಛಧ್ವಂ ಸಂವದಧ್ವಂ’ ಎಂಬ ಪ್ರಾರ್ಥನೆ, ಕುತ್ತಿಗೆ, ಭುಜ, ಸೊಂಟ, ಮಂಡಿಗಳನ್ನು ಸಡಿಲಗೊಳಿಸುವ ಚಾಲನಗಳು, ಆಮೇಲೆ ತಾಡಾಸನ, ವೃಕ್ಷಾಸನ, ಪಾದಹಸ್ತಾಸನ, ಅರ್ಧಚಕ್ರಾಸನ, ತ್ರಿಕೋನಾಸನ. ಅನಂತರ ಕುಳಿತು, ಬೋರಲಾಗಿ, ಅಂಗಾತವಾಗಿ ಮಾಡುವವು. ಕೊನೆಗೆ ಪ್ರಾಣಾಯಾಮ, ಧ್ಯಾನ, ಸಂಕಲ್ಪ. ಇದರಲ್ಲಿ ಸೂರ್ಯನಮಸ್ಕಾರವಿಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ. ನನ್ನ ಅನುಭವದಲ್ಲಿ ಬಿಗಿದ ಮೈಯ ಹೊಸಬರಿಗೆ ಅದೇ ಇದರ ದೊಡ್ಡ ಉಪಕಾರ, ಏಕೆಂದರೆ ಮಣಿಕಟ್ಟಿನ ಮೇಲೆ ಇಡೀ ಮೈಭಾರ ಹಾಕುವ ಪ್ರಸಂಗ ಇಲ್ಲಿ ಬರುವುದೇ ಇಲ್ಲ. ಯಾರು ಯಾವ ಆಸನವನ್ನು ಮಾಡಬಾರದು ಎಂಬ ಎಚ್ಚರಿಕೆಗಳು ಇದರ ಕೈಪಿಡಿಯಲ್ಲಿ ಆಸನದ ಜೊತೆಜೊತೆಗೇ ಅಚ್ಚಾಗಿವೆ. ರಕ್ತದೊತ್ತಡದ ವಿಷಯವನ್ನು ನಾನು ಅಲ್ಲಿ ಓದಿ ವೈದ್ಯರ ಮಾತಿನೊಂದಿಗೆ ತಾಳೆ ನೋಡಿಕೊಂಡೆ.

ಈ ಕ್ರಮ ದಿನವೂ ಒಂದೇ ಆಗಿರುವುದರಿಂದ ಮೂರನೆಯ ವಾರಕ್ಕೆ ಬಾಯಿಪಾಠವಾಯಿತು. ಭುಜಂಗಾಸನಕ್ಕೆ ಬೋರಲಾಗಿ ಮಲಗಿದಾಗ ಟೀವಿಯತ್ತ ಕತ್ತು ತಿರುಗಿಸುವ ಅಗತ್ಯ ಬೀಳಲಿಲ್ಲ. ಮುಂದಿನದು ಶಲಭಾಸನವೆಂದು ಗೊತ್ತಿತ್ತು. ಉಸಿರು ಯಾವಾಗ ಎಂಬುದನ್ನು ಧ್ವನಿ ಹೇಳುತ್ತಿತ್ತು. ಬೇಸರವೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಲವತ್ತೈದು ನಿಮಿಷದಲ್ಲಿ ಅಷ್ಟು ಆಸನಗಳನ್ನು ಮುಗಿಸುವ ಕ್ರಮದಲ್ಲಿ ಒಂದೊಂದಕ್ಕೂ ಸಿಗುವ ವಿವರಣೆ ಚಿಕ್ಕದಾಗಿಯೇ ಇರಬೇಕಾಗುತ್ತದೆ. ‘ಸೊಂಟದಿಂದ ಮುಂದಕ್ಕೆ ಬಾಗಿ’ ಎಂದು ಕೇಳಿಸಿಕೊಂಡ ನಾನು ಐದು ವಾರವೂ ಬೆನ್ನಿನಿಂದಲೇ ಬಾಗುತ್ತಿದ್ದೆ ಎಂಬುದು ತಿಳಿದದ್ದು ಬಹಳ ತಡವಾಗಿ.

ಕಣ್ಣು ಮತ್ತು ಕಿವಿಯ ವ್ಯತ್ಯಾಸದ ಬಗ್ಗೆ ಇಲ್ಲಿಯೇ ಸ್ವಲ್ಪ ಹೇಳಬೇಕು. ಯೋಗಾಸನಗಳಲ್ಲಿ ಮುಖ ಪರದೆಯ ಕಡೆಗಿರುವ ಸಮಯ ಬಹಳ ಕಡಿಮೆ. ಪಾದಹಸ್ತಾಸನದಲ್ಲಿ ಮುಖ ಮಂಡಿಯ ಕಡೆ, ತ್ರಿಕೋನಾಸನದಲ್ಲಿ ಮೇಲೆತ್ತಿದ ಕೈಯ ಕಡೆ, ಶಶಾಂಕಾಸನದಲ್ಲಿ ಹಣೆ ನೆಲಕ್ಕೆ. ಆ ಸ್ಥಿತಿಯಲ್ಲಿ ಬೋಧಕರು ಏನು ಮಾಡುತ್ತಿದ್ದಾರೆಂದು ಕತ್ತೆತ್ತಿ ನೋಡಿದರೆ ಆಸನ ಕೆಡುತ್ತದೆ, ಕುತ್ತಿಗೆಯೂ ಉಳುಕುತ್ತದೆ. ಎಡಬಲದ ಗೊಂದಲ ಬೇರೆ: ಎದುರು ಮುಖವಾಗಿ ನಿಂತ ಕೆಲವರು ‘ಬಲಗಾಲು’ ಎಂದು ತಮ್ಮ ಬಲಗಾಲನ್ನೇ ಮಡಿಸುತ್ತಾರೆ, ಕೆಲವರು ನಮಗೆ ಕನ್ನಡಿಯಂತೆ ಕಾಣಲೆಂದು ಎಡಗಾಲನ್ನು ಮಡಿಸಿ ‘ಬಲಗಾಲು’ ಎನ್ನುತ್ತಾರೆ. ಕಿವಿಯಿಂದ ಕೇಳುವವರಿಗೆ ಎರಡೂ ಒಂದೇ. ಕಣ್ಣಿನಿಂದ ನಕಲು ಮಾಡುವವರು ಪ್ರತಿದಿನ ಒಮ್ಮೆಯಾದರೂ ತಪ್ಪುತ್ತಾರೆ. ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ಮತ್ತು ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ಯರು ಆಸನಗಳನ್ನು ಮಾಡಿ ತೋರಿಸುವ 1938ರ ಕಪ್ಪುಬಿಳುಪು ಚಿತ್ರವೊಂದು ಉಳಿದುಕೊಂಡಿದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ಅದನ್ನು ಬೆರಗಿನಿಂದ ಹಲವು ಸಲ ನೋಡಿದ್ದೇನೆ. ಅದರಿಂದ ಒಂದೇ ಒಂದು ಆಸನವನ್ನೂ ಕಲಿಯಲಾಗಿಲ್ಲ, ಏಕೆಂದರೆ ಅದು ಮೂಕಿಚಿತ್ರ.

ಎರಡನೆಯದು ಅಷ್ಟಾಂಗ ವಿನ್ಯಾಸ ಪದ್ಧತಿಯ ಎಣಿಕೆಯ ಪಾಠ. ಇದನ್ನು ಹೇಗೂ ಬಿಡುವಂತಿರಲಿಲ್ಲ. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಹಾಸನದ ಕಡೆಯ ಕೌಶಿಕ ಗ್ರಾಮದಿಂದ ಬಂದ ಕೆ. ಪಟ್ಟಾಭಿ ಜೋಯಿಸರು (1915–2009) ಲಕ್ಷ್ಮೀಪುರಂನ ಮನೆಯಲ್ಲಿ ದಶಕಗಳ ಕಾಲ, ಅನಂತರ ಗೋಕುಲಂನಲ್ಲಿ ಕಲಿಸಿದ ಈ ಪದ್ಧತಿಗೆ ಹೊರದೇಶಗಳಲ್ಲಿ ನಮ್ಮ ಊರಿನ ಹೆಸರೇ ಅಂಟಿಕೊಂಡಿದೆ. ‘ಏಕಂ’ ಎಂದರೆ ಉಸಿರು ತೆಗೆದುಕೊಳ್ಳುತ್ತಾ ಕೈ ಮೇಲೆ, ‘ದ್ವೇ’ ಎಂದರೆ ಉಸಿರು ಬಿಡುತ್ತಾ ಮುಂದಕ್ಕೆ ಬಾಗುವುದು, ‘ತ್ರೀಣಿ’ ಎಂದರೆ ತಲೆ ಎತ್ತುವುದು. ಹೀಗೆ ಮೊದಲ ಬಗೆಯ ಸೂರ್ಯನಮಸ್ಕಾರ ಒಂಬತ್ತು ಎಣಿಕೆಯಲ್ಲೂ ಎರಡನೆಯ ಬಗೆಯದು ಹದಿನೇಳು ಎಣಿಕೆಯಲ್ಲೂ ಮುಗಿಯುತ್ತದೆ. ಮೊದಲ ಬಗೆಯದರಲ್ಲಿ ‘ಷಟ್’ ಎಂದಾಗ, ಅಂಗೈ ಅಂಗಾಲುಗಳನ್ನು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಐದು ಉಸಿರು ನಿಲ್ಲಬೇಕು. ಬಾಲ್ಯದಲ್ಲಿ ಮನೆಯಲ್ಲಿ ಮಂತ್ರ ಕೇಳಿಕೊಂಡು ಬೆಳೆದ ಕಿವಿಗೆ ಈ ಎಣಿಕೆ ಎರಡೇ ದಿನಕ್ಕೆ ಹಿಡಿಯಿತು. ಕಿವಿಯ ಪಾಠವೆಂದರೆ ಇದಕ್ಕಿಂತ ಶುದ್ಧವಾದದ್ದು ಇನ್ನೊಂದಿಲ್ಲ ಎಂದು ಮೊದಲ ವಾರ ಹಿಗ್ಗಿದ್ದೆ.

ಆದರೆ ಎಣಿಕೆ ಹೇಳುವುದು ಯಾವಾಗ ಎಂಬುದನ್ನು ಮಾತ್ರ. ಹೇಗೆ ಎಂಬುದು ಕಲಿಯುವವರಿಗೆ ಮೊದಲೇ ಗೊತ್ತಿದೆ ಎಂದು ಅದು ಭಾವಿಸುತ್ತದೆ. ‘ಚತ್ವಾರಿ’ ಎಂದಾಗ ದೇಹವನ್ನು ನೆಲಕ್ಕೆ ಸಮಾಂತರವಾಗಿ ಇಳಿಸಬೇಕಾದ ನಾನು ಧೊಪ್ಪೆಂದು ಬೀಳುತ್ತಿದ್ದೆ, ಎಣಿಕೆ ನನಗಾಗಿ ಕಾಯದೆ ‘ಪಂಚ’ಕ್ಕೆ ಹೋಗುತ್ತಿತ್ತು. ಶಾಲೆಗಳಲ್ಲಿ ಇದು ನಡೆಯುವ ಬಗೆಯೇ ಬೇರೆ ಎಂದು ಅಲ್ಲಿ ಕಲಿತ ಸಹೋದ್ಯೋಗಿಯೊಬ್ಬರು ವಿವರಿಸಿದರು. ವಾರದ ಬಹುಪಾಲು ದಿನಗಳಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಗತಿಯಲ್ಲಿ ಮೌನವಾಗಿ ಅಭ್ಯಾಸ ಮಾಡುತ್ತಾರೆ, ಗುರುಗಳು ಅಡ್ಡಾಡುತ್ತಾ ತಿದ್ದುತ್ತಾರೆ. ಹೊಸಬರು ಕೆಲವು ದಿನ ಬರಿಯ ಸೂರ್ಯನಮಸ್ಕಾರವನ್ನಷ್ಟೇ ಮಾಡಿ ಮನೆಗೆ ಹೋಗುತ್ತಾರೆ. ಒಂದು ಆಸನ ಹದಕ್ಕೆ ಬಂದ ಮೇಲಷ್ಟೇ ಮುಂದಿನದು ಸಿಗುತ್ತದೆ. ಎಲ್ಲರಿಗೂ ಒಟ್ಟಾಗಿ ಎಣಿಸುವ ತರಗತಿ ವಾರಕ್ಕೆ ಒಂದೋ ಎರಡೋ ದಿನ ಮಾತ್ರ. ಆದರೆ ವಿಡಿಯೊಗಳಲ್ಲಿ ಸಿಗುವುದು ಹೆಚ್ಚಾಗಿ ಆ ಎಣಿಕೆಯ ತರಗತಿಯೇ, ಅದೂ ಸುಮಾರು ಒಂದೂವರೆ ಗಂಟೆಯ ಇಡೀ ಪ್ರಥಮ ಶ್ರೇಣಿ, ಅಂದರೆ ಈ ಪದ್ಧತಿಯ ಆಸನಗಳ ಮೊದಲ ಸರಣಿ. ಅಂದರೆ ಪದ್ಧತಿಯಲ್ಲಿ ತಿಂಗಳುಗಟ್ಟಲೆ ಕಳೆದ ಮೇಲೆ ಬರುವುದು ಪರದೆಯ ಮೇಲೆ ಮೊದಲ ದಿನವೇ ಎದುರಾಗುತ್ತದೆ. ಇದು ಪದ್ಧತಿಯ ದೋಷವಲ್ಲ, ಅದನ್ನು ತಪ್ಪು ತುದಿಯಿಂದ ಹಿಡಿದ ನನ್ನದು. ಮೂರನೆಯ ವಾರದಿಂದ ಮೊದಲ ಬಗೆಯ ಸೂರ್ಯನಮಸ್ಕಾರವನ್ನು ಮಾತ್ರ, ಮಂಡಿಯೂರಿ ಇಳಿಯುತ್ತಾ, ವಿಡಿಯೊ ಇಲ್ಲದೆ ನಾನೇ ಎಣಿಸಿಕೊಂಡು ಮಾಡಿದೆ. ಅಮಾವಾಸ್ಯೆ, ಹುಣ್ಣಿಮೆಗಳಂದು ರಜೆ ಎಂಬ ಅವರ ನಿಯಮವನ್ನು ಮಾತ್ರ ಸಂತೋಷವಾಗಿ ಪಾಲಿಸಿದೆ.

ಮೂರನೆಯದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಏಳು ದಿನದಲ್ಲಿ ಇದು, ಹತ್ತು ದಿನದಲ್ಲಿ ಅದು ಎಂಬ ಶೀರ್ಷಿಕೆಗಳಿರುವ ಜನಪ್ರಿಯ ವಾಹಿನಿಯೊಂದನ್ನು ಹಿಡಿದೆ. ಹಿನ್ನೆಲೆಯಲ್ಲಿ ಸಂಗೀತ, ಮಾತು ಅತ್ಯಲ್ಪ, ಕಣ್ಣಿಗೆ ಹಬ್ಬ. ಹನ್ನೊಂದನೆಯ ದಿನ ಪದ್ಮಾಸನ ಬಂತು. ಪಾದವನ್ನು ತೊಡೆಯ ಮೇಲೆ ತರಬೇಕಾದರೆ ತಿರುಗಬೇಕಾದದ್ದು ಸೊಂಟದ ಕೀಲು; ಅದು ತಿರುಗದಿದ್ದರೆ ಆ ತಿರುಚುವಿಕೆಯನ್ನೆಲ್ಲ ಮಂಡಿ ಹೊರಬೇಕಾಗುತ್ತದೆ, ಮಂಡಿಯಾದರೋ ಮುಖ್ಯವಾಗಿ ಬಾಗಿಲ ತಿರುಗಣಿಯಂತೆ ಮಡಚಿ ಬಿಚ್ಚುವುದಕ್ಕಾಗಿ ಇರುವ ಕೀಲು. ಈ ಒಂದು ಮಾತನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಡಮಂಡಿ ಊದಿಕೊಂಡು ಮೂರು ವಾರ ಎಲ್ಲವೂ ನಿಂತಿತು.

ಮಂಡಿ ಸರಿಹೋಗುವವರೆಗೆ ಕುಳಿತು ಕೇಳುತ್ತಿದ್ದುದು ಅಮೆರಿಕದ ಆಸ್ಟಿನ್ ನಗರದಿಂದ 2012ರಿಂದ ಪಾಠ ಹೇಳುತ್ತಿರುವ ಏಡ್ರಿಯನ್ ಮಿಶ್ಲರ್ ಅವರ ವಿಡಿಯೊಗಳನ್ನು. ಅವರು ಒಂದು ಕ್ಷಣವೂ ಮಾತು ನಿಲ್ಲಿಸದೆ ಎಲ್ಲವನ್ನೂ ಬಾಯಲ್ಲೇ ವರ್ಣಿಸುವುದರಿಂದ ನನ್ನ ಅಳತೆಗೋಲಿನಲ್ಲಿ ಪೂರ್ಣಾಂಕ ಪಡೆಯಬೇಕಾದವರು. ನನಗೆ ಇಂಗ್ಲಿಷ್ ಬರುತ್ತದೆ, ಆ ಭಾಷೆಯಲ್ಲೇ ಪಾಠವನ್ನೂ ಹೇಳುತ್ತೇನೆ. ಆದರೂ ತಲೆ ಕೆಳಗೆ ಮಾಡಿ ಬಾಗಿರುವಾಗ ಮೈಯ ಭಾಗಗಳ ಹೆಸರು ಇಂಗ್ಲಿಷಿನಲ್ಲಿ ಬಂದರೆ ಒಂದು ಕ್ಷಣ ತಡವಾಗಿ ತಲುಪುತ್ತವೆ. ಮೀನಖಂಡ, ಕಣಕಾಲು, ಪಕ್ಕೆ, ಹೆಗಲು ಎಂದರೆ ಆ ಜಾಗ ತಾನೇ ಓಗೊಡುತ್ತದೆ. 1934ರಷ್ಟು ಹಿಂದೆಯೇ ಕೃಷ್ಣಮಾಚಾರ್ಯರು ಯೋಗದ ಪುಸ್ತಕವನ್ನು ಕನ್ನಡದಲ್ಲಿ ಬರೆದಿದ್ದರು ಎಂಬುದು ನೆನಪಾಗಿ, ಕನ್ನಡದಲ್ಲಿ ಇಷ್ಟೇ ವಿವರವಾಗಿ ಮಾತನಾಡುವ ಬೋಧಕರನ್ನು ಹುಡುಕತೊಡಗಿದೆ.

ಸಿಕ್ಕಿದವರು ಅಯ್ಯಂಗಾರ್ ಪದ್ಧತಿಯಲ್ಲಿ ತರಬೇತಿ ಪಡೆದ, ಸಣ್ಣ ವಾಹಿನಿಯೊಂದನ್ನು ನಡೆಸುವ ಕನ್ನಡದ ಬೋಧಕಿ. ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅಯ್ಯಂಗಾರ್ಯರು ಬಾಲ್ಯದಲ್ಲಿ ಕಾಯಿಲೆಗಳಿಂದ ನರಳಿದ್ದ ಬಡಕಲು ಹುಡುಗ. ಗೋಡೆ, ಕುರ್ಚಿ, ಪಟ್ಟಿ, ಮರದ ಇಟ್ಟಿಗೆಗಳ ಆಸರೆಯಿಂದ ಯಾವ ಮೈಯನ್ನಾದರೂ ಆಸನಕ್ಕೆ ಒಗ್ಗಿಸಬಹುದೆಂಬುದು ಅವರ ಪದ್ಧತಿಯ ಹೆಗ್ಗುರುತು. ಪಟ್ಟಿಯ ಬದಲು ಹಳೆಯ ಹತ್ತಿ ಸೀರೆಯ ಅಂಚು, ಇಟ್ಟಿಗೆಯ ಬದಲು ಎರಡು ದಪ್ಪ ಲೆಕ್ಕಶಾಸ್ತ್ರದ ಪಠ್ಯಪುಸ್ತಕಗಳು ನನ್ನ ಪಾಲಿಗೆ ಒದಗಿದವು. ಇಪ್ಪತ್ತೈದು ನಿಮಿಷಕ್ಕೆ ಎರಡೇ ಆಸನ. ತ್ರಿಕೋನಾಸನವನ್ನು ಗೋಡೆಗೆ ಬೆನ್ನು ತಾಗಿಸಿ ಮಾಡಿಸಿದರು. ಇಲ್ಲಿ ಒಂದು ವಿಷಯ ಹೊಳೆಯಿತು: ಗೋಡೆ ಸುಳ್ಳು ಹೇಳುವುದಿಲ್ಲ. ಹೆಗಲು ಮುಂದಕ್ಕೆ ಜಾರಿದರೆ ಗೋಡೆಯ ಸ್ಪರ್ಶ ತಪ್ಪುತ್ತದೆ, ಅದು ಆ ಕ್ಷಣವೇ ತಿಳಿಯುತ್ತದೆ. ನಮ್ಮನ್ನು ಕಾಣಲಾರದ ವಿಡಿಯೊದ ಕೊರತೆಯನ್ನು ಅರ್ಧದಷ್ಟಾದರೂ ತುಂಬಿದ್ದು ಈ ಗೋಡೆಯೇ. ಬೆವರು ಬರಲಿಲ್ಲ, ಮೈ ಬೆಚ್ಚಗಾಗಲೂ ಇಲ್ಲ, ಆದ್ದರಿಂದ ವ್ಯಾಯಾಮದ ತೃಪ್ತಿ ಬಯಸುವವರಿಗೆ ಇದು ರುಚಿಸದು. ನನಗೆ ರುಚಿಸಿತು.

ಕೊನೆಯದು ಜೂಮ್ ಮೂಲಕ ನಡೆಯುವ ನೇರ ತರಗತಿ: ತಿಂಗಳಿಗೆ ಸಾವಿರದಿನ್ನೂರು ರೂಪಾಯಿ, ಹದಿನಾಲ್ಕು ಜನ. ಹಣ ಕೊಟ್ಟಿದ್ದೇನೆಂಬ ಕಾರಣಕ್ಕೇ ಎದ್ದೇಳುವವರಲ್ಲಿ ನಾನೂ ಒಬ್ಬಳೆಂದು ಇದರಿಂದ ಗೊತ್ತಾಯಿತು. ಮೂರನೆಯ ತರಗತಿಯಲ್ಲಿ ಬೋಧಕರು ನನ್ನ ಹೆಸರು ಹಿಡಿದು, ಭುಜಂಗಾಸನದಲ್ಲಿ ಹೆಗಲು ಕಿವಿಗೆ ಅಂಟಿದೆ, ಕೆಳಗಿಳಿಸಿ ಎಂದರು. ಎಷ್ಟು ತಿಂಗಳಿಂದ ಹಾಗೆ ಮಾಡುತ್ತಿದ್ದೆನೋ! ಆದರೆ ಹದಿನಾಲ್ಕು ಅಂಚೆಚೀಟಿಯಷ್ಟು ಚೌಕಗಳಲ್ಲಿ ಪ್ರತಿಯೊಬ್ಬರನ್ನೂ ನೋಡುವುದು ಯಾರಿಂದಲೂ ಆಗದು, ಮಂದ ಬೆಳಕಿನಲ್ಲಂತೂ ಕಪ್ಪು ಸಲ್ವಾರು ಕಪ್ಪು ಚಾಪೆಯಲ್ಲಿ ಕರಗಿಹೋಗುತ್ತದೆ. ಫೋನನ್ನು ಎದುರಿಗಿಡದೆ ಮಗ್ಗುಲಿಗೆ, ಚಾಪೆಯಿಂದ ಆರು ಅಡಿ ದೂರದಲ್ಲಿ, ಮಂಡಿಯ ಎತ್ತರಕ್ಕೆ ಇಟ್ಟು ತಿಳಿ ಬಣ್ಣದ ಬಟ್ಟೆ ಹಾಕಿಕೊಂಡ ಮೇಲೆ ತಿದ್ದುಪಡಿಗಳು ಹೆಚ್ಚಾದವು.

ಅದೇ ಜಾಗದಲ್ಲಿ ಫೋನಿಟ್ಟು ನನ್ನದೇ ವಿಡಿಯೊ ತೆಗೆದು ನೋಡುವ ಉಪಾಯ ಹೊಳೆದದ್ದೂ ಆಗಲೇ. ಪಾದಹಸ್ತಾಸನದಲ್ಲಿ ನೇರವಾಗಿದೆ ಎಂದು ನಂಬಿದ್ದ ಬೆನ್ನು ಆಮೆಯ ಚಿಪ್ಪಿನಂತೆ ಬಾಗಿತ್ತು. ಇಷ್ಟು ದಿನ ಪರದೆಯ ಮೇಲೆ ನೋಡಬೇಕಾಗಿದ್ದುದು ಬೋಧಕರನ್ನಲ್ಲ, ನನ್ನನ್ನು. ಇದಕ್ಕೆ ಖರ್ಚೂ ಇಲ್ಲ. ಖರ್ಚಿನ ಮಾತು ಬಂದದ್ದರಿಂದ ಹೇಳುತ್ತೇನೆ: ಕಾವಿ ನೆಲದ ಮೇಲೆ ಜಮಖಾನೆ ಜಾರುತ್ತದೆ, ಚಾಪೆಗೆ ಹಣ ಹಾಕಿ, ಉಳಿದ ಸಲಕರಣೆಗಳನ್ನು ಮನೆಯಲ್ಲೇ ಹುಡುಕಿ. ಶವಾಸನದ ನಡುವೆ ಕಿರುಚುವ ಜಾಹೀರಾತಿಗೆ ಪರಿಹಾರವೆಂದರೆ, ಶವಾಸನ ಬರುವ ಮುನ್ನವೇ ಟೀವಿ ಆರಿಸಿಬಿಡುವುದು.

ಈಗ ಮಂಗಳವಾರ ಮತ್ತು ಶುಕ್ರವಾರ ನೇರ ತರಗತಿ. ಸೋಮವಾರ, ಗುರುವಾರ ಗೋಡೆಯ ಪಾಠ. ಬುಧವಾರ, ಶನಿವಾರ ಆಯುಷ್ ಕ್ರಮ, ಕಪಾಲಭಾತಿಯನ್ನು ಬಿಟ್ಟು, ಪರದೆಯನ್ನು ಆರಿಸಿ ಧ್ವನಿಯನ್ನು ಮಾತ್ರ ಉಳಿಸಿಕೊಂಡು. ತಿಂಗಳಿಗೊಮ್ಮೆ ನನ್ನದೇ ಚಿತ್ರೀಕರಣ. ಪಕ್ಕದ ಕೋಣೆಯಿಂದ ಅತ್ತೆಯವರಿಗೂ ಆ ಧ್ವನಿ ಕೇಳಿಸುತ್ತದೆ. ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ಅನುಲೋಮ ವಿಲೋಮದ ಹೊತ್ತಿಗೆ ಅವರೂ ಮಲಗಿದಲ್ಲೇ ಮೂಗಿಗೆ ಕೈ ತಂದುಕೊಳ್ಳುತ್ತಾರೆ ಎಂದು ಮೊನ್ನೆ ನೋಡಿದೆ.