ಅಂಗ್ಕೋರ್ ನೋಡಲು ಹಿರಿಯರಿಗೆ ಯಾವುದು ಅನುಕೂಲ: ಬೆಂಗಳೂರಿನ ಪ್ಯಾಕೇಜೋ, ಅಲ್ಲಿನ ಗೈಡೋ?

ಅರವತ್ತು ದಾಟಿದವರು ಕಾಂಬೋಡಿಯಾದ ಅಂಗ್ಕೋರ್ ದೇವಾಲಯಗಳನ್ನು ನೋಡಲು ಹೊರಟರೆ ಮೂರು ದಾರಿಗಳಿವೆ. ಬೆಂಗಳೂರಿನಿಂದಲೇ ಹೊರಡುವ ಗುಂಪು ಪ್ಯಾಕೇಜ್ ಒಂದು. ಅಂಗ್ಕೋರ್ ಪಕ್ಕದ ಸಿಯೆಮ್ ರೀಪ್ ಊರು ತಲುಪಿ, ಅಲ್ಲಿ ಹತ್ತು-ಹನ್ನೆರಡು ಜನರ ವ್ಯಾನ್ ಟೂರ್ ಸೇರುವುದು ಇನ್ನೊಂದು. ನಮಗಾಗಿಯೇ ಗೈಡ್ ಮತ್ತು ಕಾರು ಗೊತ್ತುಮಾಡಿಕೊಳ್ಳುವುದು ಮೂರನೆಯದು. ಮೂರನ್ನೂ ಬಳಸಿ ನೋಡಿದ ಮೇಲೆ ನಮಗೆ ಖಚಿತವಾಗಿರುವುದು ಇಷ್ಟು: ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಕೂರಬೇಕು, ಯಾವಾಗ ರೂಮಿಗೆ ಮರಳಬೇಕು ಎಂಬುದು ಯಾರ ಕೈಯಲ್ಲಿದೆಯೋ ಅದೇ ಪ್ರವಾಸದ ಹಣೆಬರಹ.

ಪ್ಯಾಕೇಜಿನ ಬಲ ವಿಮಾನ ನಿಲ್ದಾಣದಲ್ಲಿ ಮತ್ತು ಊಟದ ಮೇಜಿನಲ್ಲಿ. ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಬ್ಯಾಂಕಾಕ್, ಸಿಂಗಪುರ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸುತ್ತಾರೆ. ಅಲ್ಲಿ ಗೇಟ್ ಹುಡುಕುವುದು, ವೀಸಾ, ಆಗಮನದ ಆನ್‌ಲೈನ್ ಫಾರಂ ಎಲ್ಲವನ್ನೂ ಟೂರ್ ಮ್ಯಾನೇಜರ್ ನೋಡಿಕೊಳ್ಳುತ್ತಾರೆ. ಊಟದ ಏರ್ಪಾಡೂ ಅವರದೇ. ಸಸ್ಯಾಹಾರಿಗಳಿಗೆ ಇದು ದೊಡ್ಡ ನೆಮ್ಮದಿ, ಏಕೆಂದರೆ ಅಲ್ಲಿನ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ.

ದೇವಾಲಯದೊಳಗೆ ಮಾತ್ರ ಅದೇ ಪ್ಯಾಕೇಜ್ ಸೋಲುತ್ತದೆ. ಮೂವತ್ತು-ನಲವತ್ತು ಜನ ಸಾಲಾಗಿ ಕಿರಿದಾದ ಮೊಗಸಾಲೆಯಲ್ಲಿ ನಡೆಯುವಾಗ ಹಿಂದಿನವರಿಗೆ ಗೈಡ್ ಮಾತು ಕೇಳುವುದಿಲ್ಲ. ಕಿವಿ ಸ್ವಲ್ಪ ಮಂದವಾದವರಿಗಂತೂ ಏನೂ ದಕ್ಕುವುದಿಲ್ಲ. ಹೆಡ್‌ಸೆಟ್ ಕೊಡುತ್ತಾರೆಯೇ ಎಂದು ಮುಂಗಡ ಕಟ್ಟುವ ಮುಂಚೆಯೇ ಕೇಳಿ. ವಿಯೆಟ್ನಾಂ ಜೊತೆ ಸೇರಿಸಿದ ಪ್ಯಾಕೇಜ್ ಆದರೆ ಇಲ್ಲಿಗೆ ಬಹುಪಾಲು ಒಂದೇ ಪೂರ್ತಿ ದಿನ ಸಿಗುತ್ತದೆ. 'ಪ್ರವೇಶ ಶುಲ್ಕ ಸೇರಿದೆ' ಎಂದಿದ್ದರೆ ಯಾವ ಪಾಸ್ ಎಂದು ವಿಚಾರಿಸಿ. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62. ಮೂರು ದಿನದ ಪಾಸನ್ನು ಹತ್ತು ದಿನಗಳೊಳಗೆ ಬಿಡಿಬಿಡಿಯಾಗಿ ಬಳಸಬಹುದು. ನಡುವೆ ಒಂದು ದಿನ ಸುಮ್ಮನೆ ಮಲಗಿದ್ದರೂ ನಷ್ಟವಿಲ್ಲ.

ವ್ಯಾನ್ ಟೂರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಲೆಗೆ ಇಷ್ಟು ಎಂದು ಕೊಡುವುದರಿಂದ ಒಬ್ಬರೇ ಹೋದವರಿಗೆ ಅಗ್ಗ. ಆದರೆ ವ್ಯಾನಿನ ಮೆಟ್ಟಿಲು ಎತ್ತರ, ಹಿಂದಿನ ಸೀಟಿಗೆ ಬಗ್ಗಿ ನುಗ್ಗಬೇಕು, ದಿನಕ್ಕೆ ಎಂಟು-ಹತ್ತು ಸಲ ಹತ್ತಿ ಇಳಿಯಬೇಕು. ಜೊತೆಗಿರುವವರು ಹರೆಯದವರಾದರೆ ನಡಿಗೆಯ ವೇಗವೂ ಅವರದೇ. ಮಂಡಿ ನೋವಿದ್ದರೆ ಬೇಡ.

ಸ್ವಂತ ಗೈಡ್ ಯಾಕೆ ಮೇಲು ಎಂಬುದು ಅಲ್ಲಿನ ಮುಖ್ಯ ಗುಡಿಯಾದ ಅಂಗ್ಕೋರ್ ವಾಟ್‌ನಲ್ಲೇ ಗೊತ್ತಾಗುತ್ತದೆ. ಪಡುವಣದ ಮುಖ್ಯ ದ್ವಾರದಿಂದ ಹೋದರೆ ಕಂದಕದ ಸೇತುವೆ, ಒಳಗಿನ ಕಲ್ಲುಹಾದಿ ಸೇರಿ ಅರ್ಧ ಕಿಲೋಮೀಟರಿಗೂ ಮಿಕ್ಕಿ ಬಿಸಿಲಲ್ಲಿ ನಡೆಯಬೇಕು. ಅದನ್ನು ಬಿಟ್ಟು, ಮರಗಳ ನೆರಳಿರುವ ಮೂಡಣ ದಾರಿಯಲ್ಲಿ ಇಳಿಸಿ ಎನ್ನಿ. ಅಲ್ಲಿಂದ ಒಳಬಂದು ಎಡಕ್ಕೆ ತಿರುಗಿದರೆ ಮೊದಲು ಸಿಗುವುದೇ ಸುಮಾರು 49 ಮೀಟರ್ ಉದ್ದದ ಸಮುದ್ರಮಥನ: ನಡುವೆ ವಿಷ್ಣು, ಕೆಳಗೆ ಕೂರ್ಮ, ಎರಡೂ ಕಡೆ ವಾಸುಕಿಯನ್ನು ಎಳೆಯುತ್ತಿರುವ ದೇವಾಸುರರ ಸಾಲು. ಮೂಲೆ ತಿರುಗಿದರೆ ಯಮ, ಚಿತ್ರಗುಪ್ತ ಮತ್ತು ನರಕಗಳು. ಆಮೇಲೆ ಈ ಗುಡಿ ಕಟ್ಟಿಸಿದ ಎರಡನೆಯ ಸೂರ್ಯವರ್ಮನ ಮೆರವಣಿಗೆ, ಕೊನೆಗೆ ಪಶ್ಚಿಮ ಗೋಡೆಯ ಕುರುಕ್ಷೇತ್ರ. ಇಡೀ ದಾರಿ ಹೆಚ್ಚುಕಡಿಮೆ ಸಮತಟ್ಟು, ಮೇಲೆ ಚಾವಣಿ. ದಾಟಬೇಕಾದ ಎತ್ತರದ ಹೊಸ್ತಿಲುಗಳ ಮೇಲೆ ಮಾತ್ರ ಕಣ್ಣಿರಲಿ. ಇಷ್ಟು ನೋಡಿ ಪಡುವಣಕ್ಕೆ ಹೊರಬಂದರೆ ನಿಮ್ಮ ಕಾರು ಅಲ್ಲಿಗೇ ಬಂದಿರುತ್ತದೆ. ನಲವತ್ತು ಜನರ ಬಸ್ಸಿನಲ್ಲಿ ಈ ಏರ್ಪಾಡು ಸಿಗುವುದು ಕಷ್ಟ.

ಇದೇ ಗುಡಿಯ ಎಲ್ಲಕ್ಕಿಂತ ಮೇಲಿನ, ಬಾಕನ್ ಎನ್ನುವ ಅಂತಸ್ತಿನ ಮೆಟ್ಟಿಲು ಬಹಳ ಕಡಿದು. ಹಿಡಿಕೆ ಇದೆ ನಿಜ, ಆದರೆ ಏರುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಹೊರೆ ಹೆಚ್ಚು. ಶಸ್ತ್ರಚಿಕಿತ್ಸೆ ಆದವರು, ತಲೆಸುತ್ತು ಇರುವವರು ಬಿಟ್ಟುಬಿಡಿ. ಹತ್ತುವವರಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ.

ಎರಡನೆಯ ಬೆಳಗ್ಗೆ ಬಾಂತೇಯ್ ಸ್ರೈಗೆ ಇಡಿ. ಕ್ರಿ.ಶ. 967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯ ಕೆಂಪು ಛಾಯೆಯ ಮರಳುಗಲ್ಲಿನದು, ಪುಟ್ಟದು, ತಗ್ಗಾದದ್ದು. ರಾವಣ ಕೈಲಾಸ ಎತ್ತುವ ಶಿಲ್ಪವನ್ನು ಹೆಚ್ಚು ಕತ್ತೆತ್ತದೆ ನೋಡಬಹುದು. ನಮ್ಮ ಮಟ್ಟಿಗೆ ಹಿರಿಯರಿಗೆ ಅಂಗ್ಕೋರಿನಲ್ಲೇ ಅತಿ ಒಗ್ಗುವ ಗುಡಿ ಇದು. ಊರಿನಿಂದ ಒಂದು ಗಂಟೆಯ ಹಾದಿ ಎಂದು ಅನೇಕ ಪ್ಯಾಕೇಜುಗಳು ಇದನ್ನೇ ಕೈಬಿಡುತ್ತವೆ.

ಪರವಾನಗಿ ಇರುವ ಇಂಗ್ಲಿಷ್ ಗೈಡ್‌ಗೆ ದಿನಕ್ಕೆ 40-50 ಡಾಲರ್ ಆಸುಪಾಸು, ಎ.ಸಿ. ಕಾರಿಗೆ ಬೇರೆ. ಎರಡನ್ನೂ ತಲೆಲೆಕ್ಕದಲ್ಲಿ ಕೊಡುವುದಲ್ಲ, ಹಾಗಾಗಿ ಎರಡು ಜೋಡಿ ದಂಪತಿಗಳು ಸೇರಿದರೆ ಹಗುರ. ಬೆಳಗ್ಗೆ 7.30ರಿಂದ 11, ಮತ್ತೆ 3.30ರ ನಂತರ ಎಂದು ಮೊದಲೇ ಮಾತಾಡಿಕೊಳ್ಳಿ. ಹರಿದ ಡಾಲರ್ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಶೌಚಾಲಯ ಗುಡಿಗಳ ಹೊರಗಷ್ಟೇ ಇರುವುದರಿಂದ, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರು ಅದರ ಹೊತ್ತಿನ ಬಗ್ಗೆ ಹೊರಡುವ ಮುಂಚೆ ವೈದ್ಯರನ್ನು ಕೇಳಿಕೊಳ್ಳಿ.

ವಿದೇಶ ಹೊಸದಾದರೆ ಪ್ಯಾಕೇಜಿನಲ್ಲೇ ಹೋಗಿ, ಗುಂಪು ಮಾರ್ಕೆಟ್‌ಗೆ ಹೋಗುವ ಅರ್ಧ ದಿನಕ್ಕೆ ಸ್ವಂತ ಗೈಡ್ ಹಿಡಿಯಿರಿ. ಹೀಗೆ ಬಿಡಿಸಿಕೊಳ್ಳಲು ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಅನುಭವ ಇದ್ದವರು ಟಿಕೆಟ್, ಹೋಟೆಲ್ ಮಾತ್ರ ಏಜೆಂಟರಿಂದ ಮಾಡಿಸಿ. 2023ರಲ್ಲಿ ತೆರೆದ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು ಒಂದು ಗಂಟೆ ದೂರ, ಪಿಕ್‌ಅಪ್ ಅನ್ನು ಹೋಟೆಲಿಗೇ ಹೇಳಿಡಿ. ವಿಮೆಯಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಮುಚ್ಚಿಡಬೇಡಿ. ಗಂಭೀರವಾದರೆ ಬ್ಯಾಂಕಾಕ್‌ಗೆ ಸಾಗಿಸಬೇಕಾಗಬಹುದು, ಆ ಖರ್ಚು ಪಾಲಿಸಿಯಲ್ಲಿ ಸೇರಿದೆಯೇ ಎಂದು ಓದಿ ನೋಡಿ.